ಕಡಲ ಪಾಚಿಗೆ ಮದ್ದು ಬೇಕೇ?

ಪ್ರಶ್ನೆ: ನಾವು ಕುಂಬಳೆ ಕಡೆಯ ಐವರು ಹೆಂಗಸರು. ಕಡಲ ಪಾಚಿಗೆ ಬೆಲೆ ಇದೆ ಎಂದು ಕೇಳಿ ಫೆಬ್ರವರಿಯಲ್ಲಿ ನಮ್ಮ ಅಂಗಳದಲ್ಲಿ 200 ಲೀಟರಿನ ಮೂರು ಡ್ರಮ್ ಇಟ್ಟು ನೋಡಿದೆವು. ಒಂದನೆಯದಕ್ಕೆ, ಕಡಲ್ಕೊರೆತ ತಡೆಯಲು ಹಾಕಿದ ಕಲ್ಲುಗಳಿಂದ ಬಿಡಿಸಿ ತಂದ ಹಸಿರು ಎಲೆಯಂಥ ಪಾಚಿಯನ್ನು ಐದಾರು ಸಲ ತೊಳೆದು, ಬೇಗ ಹಬ್ಬಲಿ ಎಂದು ಚೂರು ಚೂರು ಮಾಡಿ, ಹೊಸ ಕಡಲ ನೀರಿನಲ್ಲಿ ಬಿಟ್ಟೆವು. ಮೂರನೆಯ ದಿನ ಬೆಳಿಗ್ಗೆ ಎಲೆಯ ಅಂಚೆಲ್ಲ ತೆಳು ಕಾಗದದಂತೆ ಬಿಳಿಯಾಗಿತ್ತು, ನೀರು ಒಂದು ಬದಿಯಲ್ಲಿ ಹಸಿರಾಗಿತ್ತು. ಆ ನೀರನ್ನು ಚೆಲ್ಲಿ ಬೇರೆ ತುಂಬಿದೆವು. ಎರಡನೆಯ ಡ್ರಮ್ಮಿಗೆ, ರೋಗಾಣು ಇರಬಾರದೆಂದು ಕಡಲ ನೀರನ್ನು ಹಂಡೆಯಲ್ಲಿ ಕುದಿಸಿ ಆರಿಸಿ ಹಾಕಿ, ಅದೇ ಹಸಿರು ಪಾಚಿಯನ್ನು ಬಿಟ್ಟೆವು. ಅಲಂಕಾರ ಮೀನಿನ ಅಂಗಡಿಯವರೊಬ್ಬರು ಹೇಳಿದಂತೆ ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್ ಕ್ಯಾಪ್ಸೂಲಿನ ಪುಡಿಯನ್ನೂ ವಾರಕ್ಕೊಮ್ಮೆ ಸೇರಿಸಿದೆವು. ಹಳೆಯ ಎಲೆಗಳು ಮುಟ್ಟಿದರೆ ಹರಿಯುವಂತಾದವು. ಒಂದೂವರೆ ತಿಂಗಳಾದರೂ ತಳದಲ್ಲಿ ಸಾಸಿವೆಯಂಥ ಹಸಿರು ಕಾಳುಗಳಿವೆಯೇ ಹೊರತು ಎಲೆ ಬರಲಿಲ್ಲ. ಮೂರನೆಯದರಲ್ಲಿ, ನನ್ನ ಮೈದುನ ರಾಮನಾಥಪುರ ಕಡೆಯಿಂದ ತಂದ ದಪ್ಪ ಕಡ್ಡಿಯಂಥ ಕಂದು ಪಾಚಿ ಇತ್ತು. ಹತ್ತು ದಿನದಲ್ಲಿ ಅಲ್ಲಲ್ಲಿ ಬಿಳಿಯಾಗಿ ತುಂಡಾಯಿತು. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಬ್ಯಾಕ್ಟೀರಿಯಾವೇ ಇದಕ್ಕೆಲ್ಲ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಯಾವ ಮದ್ದು ಹಾಕಬೇಕು? ಒಂದನೆಯ ಡ್ರಮ್ಮಿನ ಗೋಡೆಗೆ ಹಸಿರು ಅಂಟು ಹಿಡಿದಿದೆ, ಅದನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬೇಕೇ? ಹಾಳಾದ ಪಾಚಿಯನ್ನು ತೆಂಗಿನ ಬುಡಕ್ಕೆ ಹಾಕಿ ಎಂದು ಮಾವ ಹೇಳುತ್ತಿದ್ದಾರೆ, ಹಾಕಬಹುದೇ?

ಉತ್ತರ: ನಿಮ್ಮ ಪತ್ರ ಓದುವಾಗ ನಗು ಬಂತು, ಕ್ಷಮಿಸಿ. ಎರಡನೆಯ ಡ್ರಮ್ಮಿನಲ್ಲಿ ನೀವು ಮಾಡಿದ್ದನ್ನೇ ನಾನು ಸಂಶೋಧನೆಗೆ ಸೇರಿದ ಮೊದಲ ವರ್ಷ ಗಾಜಿನ ತಟ್ಟೆಯಲ್ಲಿ ಮಾಡಿ, ತಿಂಗಳ ಕೊನೆಗೆ ಹಸಿರು ಮುದ್ದೆಗಳನ್ನು ಹಿಡಿದುಕೊಂಡು ಗುರುಗಳ ಮುಂದೆ ನಿಂತಿದ್ದೆ. ಅವರು ಬೈಯಲಿಲ್ಲ. "ತುಂಬಾ ಚೊಕ್ಕಟವಾಗಿ ಕೆಲಸ ಮಾಡಿದ್ದೀರಿ, ಅದೇ ತೊಂದರೆ" ಎಂದರು.

ಅಡಿಕೆಗೆ ಕೊಳೆರೋಗ ಬರುವ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸುವ ನಾಡು ನಮ್ಮದು. ಬೆಳೆ ಕೆಟ್ಟಿತೆಂದರೆ ಕೈ ತಾನಾಗಿ ಮದ್ದಿನ ಡಬ್ಬಿಯತ್ತ ಹೋಗುತ್ತದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮೂರು ಡ್ರಮ್ಮುಗಳಲ್ಲಿ ಆಗಿರುವುದು ಮೂರು ಬೇರೆ ಬೇರೆ ಸಂಗತಿ, ಮತ್ತು ಮೂರರಲ್ಲಿ ಒಂದಕ್ಕೂ ಮದ್ದಿಲ್ಲ. ಮೈಲುತುತ್ತು ಹಾಕಿ ಎಂದು ಇನ್ನು ಯಾರಾದರೂ ಹೇಳುವ ಮೊದಲು ಅದನ್ನೂ ಹೇಳಿಬಿಡುತ್ತೇನೆ. ಅದರಲ್ಲಿರುವ ತಾಮ್ರವೆಂದರೆ ಪಾಚಿಗೆ ನೇರ ವಿಷ.

ಒಂದನೆಯ ಡ್ರಮ್ಮಿನಿಂದ ಹೊರಡೋಣ. ನೀವು ತಂದ ಹಸಿರು ಎಲೆ ಅಲ್ವಾ ಜಾತಿಯದು; ಕಡಲ ಸೊಪ್ಪು ಎಂದು ಕರೆದರೆ ತಪ್ಪಿಲ್ಲ. ಮಂಜೇಶ್ವರದಿಂದ ಬೇಕಲದವರೆಗೆ ಅಲೆ ಹೊಡೆಯುವ ಕಲ್ಲುಗಳ ಮೇಲೆ ಮಳೆಗಾಲ ಕಳೆದ ಮೇಲೆ ದಟ್ಟವಾಗಿ ಬರುತ್ತದೆ. ಆ ಎಲೆಯ ದಪ್ಪ ಎಷ್ಟು ಗೊತ್ತೇ? ಎರಡೇ ಕೋಶ. ಅದರಲ್ಲಿ ಹೂವಿಲ್ಲ, ಕಾಯಿಲ್ಲ, ಬೀಜಕ್ಕೆಂದು ಬೇರೆ ಅಂಗವಿಲ್ಲ. ಸಂತಾನದ ಹೊತ್ತು ಬಂದಾಗ ಎಲೆಯ ಮಾಮೂಲಿ ಕೋಶಗಳೇ ಒಳಗೊಳಗೆ ಒಡೆದು ಬಾಲವಿರುವ ಬೀಜಕಣಗಳಾಗುತ್ತವೆ. ಅವು ಹೊರಗೆ ಈಜಿ ಹೋದ ಮೇಲೆ ಉಳಿಯುವುದು ಖಾಲಿ ಗೋಡೆ ಮಾತ್ರ. ನೀವು ಕಂಡ ಬಿಳಿ ಅಂಚು ಅದೇ. ಹೆರಿಗೆಯಾದ ಮನೆಯನ್ನು ಸಾವಿನ ಮನೆ ಎಂದುಕೊಂಡಿರಿ.

ಮೂರನೆಯ ಬೆಳಿಗ್ಗೆಯೇ ಏಕೆ? ಅಲ್ವಾ ತನ್ನ ಕೋಶಗಳು ಬೀಜಕಣವಾಗದಂತೆ ತಡೆಯುವ ವಸ್ತುಗಳನ್ನು ತಾನೇ ಸುರಿಸಿಕೊಂಡು, ಅದರಲ್ಲೇ ಅದ್ದಿಕೊಂಡು ಇರುತ್ತದೆ. ಎಲೆಯನ್ನು ಚೂರು ಮಾಡಿ, ಚೆನ್ನಾಗಿ ತೊಳೆದು, ಹೊಸ ನೀರಿಗೆ ಹಾಕಿದರೆ ಆ ತಡೆ ತೊಳೆದು ಹೋಗುತ್ತದೆ. ಪ್ರಯೋಗಾಲಯದಲ್ಲಿ ನಮಗೆ ಬೀಜಕಣ ಬೇಕಾದಾಗ ಮಾಡುವುದೂ ಇದನ್ನೇ: ಕೊಚ್ಚುವುದು, ತೊಳೆಯುವುದು, ಎರಡು ಮೂರು ದಿನ ಕಾದು ಬೆಳಿಗ್ಗೆ ಬೇಗ ಬಂದು ನೋಡುವುದು. ಪಾಠಪುಸ್ತಕದಲ್ಲಿ ಇರುವ ವಿಧಾನವನ್ನು ನೀವು ಗೊತ್ತಿಲ್ಲದೆ ಅಕ್ಷರಶಃ ಪಾಲಿಸಿದ್ದೀರಿ. ನೀರು ಒಂದೇ ಬದಿಯಲ್ಲಿ ಹಸಿರಾಗಿದ್ದುದಕ್ಕೂ ಕಾರಣವಿದೆ. ಈ ಕಣಗಳಲ್ಲಿ ಲಿಂಗಕಣಗಳು, ಅಂದರೆ ಒಂದರೊಡನೊಂದು ಕೂಡುವಂಥವು, ಬೆಳಕಿನತ್ತ ಈಜುತ್ತವೆ. ಆ ಮೋಡದಂಥ ಹಸಿರನ್ನು ಒಂದು ಲೋಟದಲ್ಲಿ ಎತ್ತಿ ಕಿಟಕಿಯ ಬಳಿ ಇಟ್ಟಿದ್ದರೆ ಕೆಲವೇ ನಿಮಿಷಗಳಲ್ಲಿ ಕಿಟಕಿಯ ಕಡೆಗೆ ಸಾಲುಗಟ್ಟುವುದನ್ನು ಬರಿಗಣ್ಣಿನಲ್ಲೇ ನೋಡಬಹುದಿತ್ತು. ನೀವು ಚೆಲ್ಲಿದ್ದು ಮುಂದಿನ ಬೆಳೆಯ ಬಹುಪಾಲು ಬೀಜವನ್ನು. ಎಲ್ಲವನ್ನೂ ಅಲ್ಲ, ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಇನ್ನು ಮೇಲೆ ಬಿಳುಪು ಕಂಡರೆ ಗಾಬರಿಯಾಗುವ ಮೊದಲು ಎಲ್ಲಿ ಬಿಳಿಯಾಗಿದೆ ಎಂದು ನೋಡಿ. ಅಂಚು ಮಾತ್ರ ಬಿಳಿಯಾಗಿ ಉಳಿದದ್ದು ಗಟ್ಟಿಯಾಗಿದ್ದರೆ ಬೀಜ ಬಿಟ್ಟಿದೆ. ಇಡೀ ಎಲೆ ಸಮನಾಗಿ ಪೇಲವವಾಗಿ ಹಳದಿ ತಿರುಗಿದರೆ ಹೊಟ್ಟೆಗಿಲ್ಲ, ನೀರಿನಲ್ಲಿ ಸಾರಜನಕ ಮುಗಿದಿದೆ. ನಡುವೆ ಅಲ್ಲಲ್ಲಿ ಮಚ್ಚೆಯಾಗಿ, ಮುಟ್ಟಿದರೆ ಲೋಳೆಯಾಗಿ, ವಾಸನೆ ಬಂದರೆ ಅದು ಕೊಳೆ. ಈ ಮೂರನೆಯದರಲ್ಲಿ ಮಾತ್ರ ಬ್ಯಾಕ್ಟೀರಿಯಾದ ಕೈವಾಡವನ್ನು ಹುಡುಕಬೇಕು.

ಈಗ ಎರಡನೆಯ ಡ್ರಮ್. ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಕಡಲ ನೀರಿನ ಒಂದು ಮಿಲಿಲೀಟರಿನಲ್ಲಿ, ಅಂದರೆ ಸುಮಾರು ಇಪ್ಪತ್ತು ಹನಿಯಲ್ಲಿ, ಹತ್ತು ಲಕ್ಷದ ಆಸುಪಾಸು ಬ್ಯಾಕ್ಟೀರಿಯಾ ಇರುತ್ತವೆ. ಆರೋಗ್ಯವಂತ ಅಲ್ವಾ ಎಲೆಯ ಮೇಲೆ ಬೆರಳುಗುರಿನಷ್ಟು ಜಾಗದಲ್ಲೇ ಲಕ್ಷಗಳಿಂದ ಕೋಟಿಗಳವರೆಗೆ ಸಿಗುತ್ತವೆ. ಅದು ರೋಗವಲ್ಲ, ಅದೇ ಅದರ ಚರ್ಮ. ಎಲೆಯು ಬಿಸಿಲಿನಲ್ಲಿ ಮಾಡಿದ ಸಕ್ಕರೆಯ ಒಂದು ಪಾಲು ಹೊರಗೆ ಸೋರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ತಿಂದು ಬದುಕುತ್ತವೆ. ಪ್ರತಿಯಾಗಿ ಏನು ಕೊಡುತ್ತವೆ ಎಂಬುದು ಬಹಳ ಕಾಲ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

1950ರ ದಶಕದಲ್ಲಿ ಲುಯಿಜಿ ಪ್ರೊವಸೋಲಿ ಎಂಬ ವಿಜ್ಞಾನಿ ಅಲ್ವಾವನ್ನು ಒಂದೂ ಬ್ಯಾಕ್ಟೀರಿಯಾ ಇಲ್ಲದ ನೀರಿನಲ್ಲಿ ಬೆಳೆಸಲು ನೋಡಿದರು. ಉಪ್ಪು, ಗೊಬ್ಬರ, ಬೆಳಕು ಎಲ್ಲ ಇದ್ದೂ ಅದು ಎಲೆಯಾಗಲಿಲ್ಲ. ಕೋಶಗಳು ಹೆಚ್ಚಿದವು, ಆದರೆ ರೂಪ ಬರಲಿಲ್ಲ. ಸೂಜಿ ಚುಚ್ಚಿಡುವ ಪುಟ್ಟ ದಿಂಬಿನಂಥ ಗುಂಡು ಮುದ್ದೆಯಾಯಿತು. ನಿಮ್ಮ ಸಾಸಿವೆ ಕಾಳು ನೆನಪಾಯಿತೇ? ಆಮೇಲೆ 2005ರಲ್ಲಿ ಜಪಾನಿನವರು ಅಲ್ವಾದ ಹತ್ತಿರದ ಸಂಬಂಧಿಯಾದ ಮೊನೊಸ್ಟ್ರೋಮಾ ಎಂಬ ಪಾಚಿಯ ಮೇಲಿನ ಒಂದು ಬ್ಯಾಕ್ಟೀರಿಯಾದಿಂದ ಥ್ಯಾಲುಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಎಣಿಕೆಗೆ ಸಿಗದಷ್ಟು ಅತ್ಯಲ್ಪ ಪ್ರಮಾಣದಲ್ಲಿ ಅದನ್ನು ಬೆರೆಸಿದರೂ ಸಾಕು, ಮುದ್ದೆ ಎಲೆಯಾಗತೊಡಗಿತು. ಜರ್ಮನಿಯ ಯೆನಾದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲ್ವಾಕ್ಕೆ ಎರಡೇ ಬ್ಯಾಕ್ಟೀರಿಯಾ ಜೊತೆಯಾದರೆ ಸಾಕೆಂದು ತೋರಿಸಿದರು. ಒಂದರ ಹೆಸರು ರೋಸಿಯೊವೇರಿಯಸ್. ಅದು ಕೋಶ ಒಡೆದು ಉದ್ದವಾಗುವಂತೆ ಮಾಡುತ್ತದೆ. ಇನ್ನೊಂದು ಮಾರಿಬ್ಯಾಕ್ಟರ್, ಅದರಿಂದ ಬಂಡೆಗೆ ಕಚ್ಚಿಕೊಳ್ಳುವ ಬೇರಿನಂಥ ಭಾಗವೂ ಗಟ್ಟಿ ಕೋಶಗೋಡೆಯೂ ಬರುತ್ತವೆ. ಥ್ಯಾಲುಸಿನ್ ಮಾಡುವುದು ಈ ಎರಡನೆಯದೇ. ಒಂದನ್ನು ಮಾತ್ರ ಕೊಟ್ಟರೆ ಅರೆಬರೆ ಗಿಡ. ಎರಡನ್ನೂ ಕೊಟ್ಟರೆ ಕಲ್ಲಿನ ಮೇಲೆ ನೋಡುವಂಥದ್ದೇ ಎಲೆ.

ಅಂದರೆ ತನ್ನ ಎಲೆಯ ಆಕಾರವೇ ಅಲ್ವಾದ ಸ್ವಂತದ್ದಲ್ಲ, ಅರ್ಧ ಸಾಲ ತಂದದ್ದು. ಹಾಲಿನಲ್ಲಿ ಮೊಸರಿಗೆ ಬೇಕಾದದ್ದೆಲ್ಲ ಇದ್ದರೂ ಹೆಪ್ಪು ಹಾಕದೆ ಮೊಸರಾಗದು. ನೀವು ಹಾಲನ್ನು ಚೆನ್ನಾಗಿ ಕಾಯಿಸಿದಿರಿ, ಹೆಪ್ಪನ್ನು ಕೊಂದಿರಿ.

ಒಂದು ಮಾತು ಬಿಡಿಸಿ ಹೇಳಬೇಕು. ನೀರು ಕುದಿಸಿದ್ದರಿಂದ ನಿಮ್ಮ ಡ್ರಮ್ ನಿರ್ಜೀವಾಣುವಾಗಿರಲಿಲ್ಲ. ಎಲೆಯ ಜೊತೆ ಬಂದವು, ಗಾಳಿಯಿಂದ ಬಿದ್ದವು ಇದ್ದೇ ಇದ್ದವು. ಕ್ಯಾಪ್ಸೂಲಿನ ಪುಡಿ ಅವುಗಳಲ್ಲಿ ಕೆಲವನ್ನು ಕೊಂದು ಕೆಲವನ್ನು ಉಳಿಸಿತು. ಹೋದವುಗಳಲ್ಲಿ ಬೇಕಾದವು ಇದ್ದವು ಎಂದು ಆ ಕಾಳುಗಳು ಹೇಳುತ್ತಿವೆ. ಹಳೆಯ ಎಲೆಗಳು ಹರಿಯುವಂತಾಗಿದ್ದು ನೋಡಿದರೆ ಉಳಿದವುಗಳಲ್ಲಿ ಗೋಡೆ ತಿನ್ನುವವೂ ಇದ್ದವು. ಪೇಟೆಯಲ್ಲಿ ಪೊಲೀಸರನ್ನೂ ಕಳ್ಳರನ್ನೂ ಒಟ್ಟಿಗೆ ಓಡಿಸಿದರೆ ಮೊದಲು ತಿರುಗಿ ಬರುವವರು ಯಾರು?

ಕುದಿಸಿದ್ದರಿಂದ ಇನ್ನೊಂದು ನಷ್ಟವೂ ಆಯಿತು. ಹಂಡೆಯ ತಳದಲ್ಲಿ ಸುಣ್ಣದಂಥ ಬಿಳಿ ಪುಡಿ ಕೂತಿತ್ತೇ? ಕುದಿಯುವಾಗ ಇಂಗಾಲದ ಡೈಆಕ್ಸೈಡ್ ಹೊರಟು ಹೋಗಿ ಸುಣ್ಣದಂಶ ತಳ ಸೇರುತ್ತದೆ. ಪಾಚಿಯ ಅನ್ನವೇ ಆ ಇಂಗಾಲ. ನೀರು ಆವಿಯಾದಷ್ಟು ಉಪ್ಪು ಹೆಚ್ಚುತ್ತದೆ. ಕುದಿಸಿದ ಕಡಲ ನೀರು ಚೊಕ್ಕಟವಾಗಿ ಕಾಣುತ್ತದೆ, ಆದರೆ ಅದು ಕಡಲ ನೀರಾಗಿ ಉಳಿದಿರುವುದಿಲ್ಲ.

ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾದ ಹೆಸರು ಕೊಡಿ, ಪೊಟ್ಟಣದಲ್ಲಿ ತಂದು ಹಾಕುತ್ತೇವೆ ಎಂದು ನೀವು ಕೇಳಬಹುದು. ಅಷ್ಟು ಸುಲಭವಿಲ್ಲ. ಆಸ್ಟ್ರೇಲಿಯಾದಲ್ಲಿ ಅಕ್ಕಪಕ್ಕದ ಅಲ್ವಾ ಎಲೆಗಳ ಬ್ಯಾಕ್ಟೀರಿಯಾಗಳನ್ನು ಹೋಲಿಸಿದಾಗ ಜಾತಿಗಳು ಎಲೆಯಿಂದ ಎಲೆಗೆ ಬಹಳ ಬೇರೆಯಾಗಿದ್ದವು. ಅವು ಮಾಡಬಲ್ಲ ಕೆಲಸಗಳು ಮಾತ್ರ ಬಹುಪಾಲು ಒಂದೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆಟಕ್ಕೆ ಭಾಗವತ ಬೇಕು, ಚೆಂಡೆ ಬೇಕು, ರಾವಣನ ವೇಷ ಬೇಕು. ಇವತ್ತು ಈ ಕಲಾವಿದ, ನಾಳೆ ಮತ್ತೊಬ್ಬ, ಪ್ರಸಂಗ ನಡೆಯುತ್ತದೆ. ಯಾವ ವೇಷಕ್ಕೆ ಯಾರು ಸಿಗುತ್ತಾರೋ ಅವರನ್ನು ಸೇರಿಸಿಕೊಂಡು ಎಲೆ ತನ್ನ ಮೇಳ ಕಟ್ಟಿಕೊಳ್ಳುತ್ತದೆ. ಸುಮ್ಮನೆ ಕಾದು ಕೂರುವುದೂ ಇಲ್ಲ. ಅದು ಬಿಡುವ ಒಂದು ಗಂಧಕದ ಸಂಯುಕ್ತದ ಜಾಡು ಹಿಡಿದು ರೋಸಿಯೊವೇರಿಯಸ್ ಈಜಿ ಬರುತ್ತದೆ. ಅದೇ ವಸ್ತುವನ್ನು ಬ್ಯಾಕ್ಟೀರಿಯಾ ಒಡೆದಾಗ ಬರುವ ಆವಿಯೇ ನಾವು ಬೇಕಲದ ಕೋಟೆಯ ಮೇಲೆ ನಿಂತು ಎದೆ ತುಂಬ ಎಳೆದುಕೊಳ್ಳುವ ಕಡಲ ವಾಸನೆಯ ಒಂದು ಮುಖ್ಯ ಪಾಲು.

ಇನ್ನೊಂದು ಸಂಗತಿ ನಿಮ್ಮ ಕೆಲಸಕ್ಕೇ ಬರುತ್ತದೆ. ಬ್ಯಾಕ್ಟೀರಿಯಾಗಳು ಗುಂಪು ದೊಡ್ಡದಾದಾಗ ತಮ್ಮೊಳಗೆ ಸುದ್ದಿ ಹಂಚಿಕೊಳ್ಳಲು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅಲ್ವಾದ ಈಜುವ ಬೀಜಕಣಗಳು ಆ ಪಿಸುಮಾತನ್ನು ಕದ್ದು ಕೇಳಿ, ಬ್ಯಾಕ್ಟೀರಿಯಾ ದಟ್ಟವಾಗಿರುವ ಕಲ್ಲನ್ನೇ ಹುಡುಕಿ ಕೂರುತ್ತವೆ ಎಂದು 2002ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ತೋರಿಸಿದರು. ಅಂಗಡಿಯಿಂದ ತಂದ ಹೊಸ ನೈಲಾನ್ ಹಗ್ಗಕ್ಕೆ ಬೀಜ ಸರಿಯಾಗಿ ಹಿಡಿಯುವುದಿಲ್ಲ, ವಾರವಿಡೀ ಕಡಲ ನೀರಿನಲ್ಲಿ ನೆನೆದು ಲೋಳೆ ಹಿಡಿದ ಹಗ್ಗಕ್ಕೆ ಹಿಡಿಯುತ್ತದೆ. ಆ ಲೋಳೆ ಬ್ಯಾಕ್ಟೀರಿಯಾದ ಪದರ. ಅದನ್ನು ಸೋಪು ಹಾಕಿ ತೊಳೆಯುವ ಶ್ರದ್ಧಾವಂತರನ್ನು ನಾನು ನೋಡಿದ್ದೇನೆ.

ಬ್ಯಾಕ್ಟೀರಿಯಾ ಎಲ್ಲವೂ ಸಾಧು ಎಂದು ಇದರರ್ಥವಲ್ಲ. ಪಾಚಿಯ ಮೈಯನ್ನು ಕರಗಿಸುವವು ಅಲ್ಲೇ ಇರುತ್ತವೆ. ರಂಜಾನ್ ಸಮಯದಲ್ಲಿ ನಿಮ್ಮ ಕಡೆ ಮನೆಮನೆಗಳಲ್ಲಿ ಮಾಡುವ ಚೈನಾ ಗ್ರಾಸ್ ಪುಡ್ಡಿಂಗ್ ನೆನಪಿಸಿಕೊಳ್ಳಿ. ಚೈನಾ ಗ್ರಾಸ್ ಎಂದರೆ ಕೆಂಪು ಪಾಚಿಯಿಂದ ತೆಗೆದ ಅಗರ್. 1880ರ ದಶಕದ ಆರಂಭದಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಸೆಕೆಗೆ ಕರಗುತ್ತಿತ್ತು, ಬ್ಯಾಕ್ಟೀರಿಯಾಗಳೂ ಅದನ್ನು ತಿಂದು ನೀರು ಮಾಡುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ ತನ್ನ ಅಡುಗೆಮನೆಯ ಜೆಲ್ಲಿಗೆ ಹಾಕುತ್ತಿದ್ದ ಅಗರ್ ಬಳಸಿ ನೋಡಿ ಎಂದಳು. ಅಂದಿನಿಂದ ಇಂದಿನವರೆಗೆ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆಯ ಕಲ್ಚರ್ ಮಾಡುವುದೂ ಪಾಚಿಯ ಅಂಟಿನ ಮೇಲೆಯೇ. ನೆಲದ ಬಹುತೇಕ ಬ್ಯಾಕ್ಟೀರಿಯಾಗಳು ಅಗರ್ ತಿನ್ನಲಾರವು. ಆದರೆ ಕಡಲ ಪಾಚಿಯ ಒಂದು ಚೂರನ್ನು ಅಗರ್ ಹಾಕಿದ ತಟ್ಟೆಯ ಮೇಲೆ ಉಜ್ಜಿ ಕೆಲವು ದಿನ ಬಿಟ್ಟು ನೋಡಿ. ಕೆಲವು ಚುಕ್ಕೆಗಳು ಅಂಟಿನೊಳಗೆ ಕುಸಿದು ನೀರ್ ದೋಸೆಯ ಮೇಲಿನಂತೆ ಸಣ್ಣ ಸಣ್ಣ ಗುಳಿ ಮಾಡಿರುತ್ತವೆ. ಅವು ಅಗರ್ ತಿನ್ನುವವು. ಗಟ್ಟಿಮುಟ್ಟಾದ, ಚೆನ್ನಾಗಿ ಬೆಳೆಯುತ್ತಿರುವ ಪಾಚಿಯ ಮೇಲೂ ಅವು ಸಿಗುತ್ತವೆ. ಎಲೆ ಸೋಲುವವರೆಗೆ ಸುಮ್ಮನಿರುತ್ತವೆ, ಅಷ್ಟೆ.

ಮೂರನೆಯ ಡ್ರಮ್ಮಿನ ಕಥೆ ಅದೇ. ಮೈದುನ ತಂದದ್ದು ಕಪ್ಪಾಫೈಕಸ್. ಕಂದು ಬಣ್ಣದ್ದಾದರೂ ಕೆಂಪು ಪಾಚಿಯ ಕುಲದ್ದು. ಐಸ್‌ಕ್ರೀಮಿನಿಂದ ಟೂತ್‌ಪೇಸ್ಟಿನವರೆಗೆ ದಪ್ಪ ಬರಿಸಲು ಬಳಸುವ ಕ್ಯಾರಜೀನನ್ ಇದರಿಂದ ಬರುತ್ತದೆ. ತಮಿಳುನಾಡಿನ ರಾಮನಾಥಪುರ ಕಡೆಯ ಮಂಡಪಂ ಸುತ್ತ 2000ದ ನಂತರ ಮಹಿಳಾ ಗುಂಪುಗಳು ಇದನ್ನು ಬಿದಿರಿನ ತೆಪ್ಪಗಳಲ್ಲಿ ಬೆಳೆಸುತ್ತಿವೆ, ಸುಮಾರು 45 ದಿನಕ್ಕೊಂದು ಕೊಯ್ಲು. ಇದಕ್ಕೆ ಬರುವ ಬಿಳುಪು ರೋಗಕ್ಕೆ ಫಿಲಿಪ್ಪೀನ್ಸಿನ ರೈತರು ಇಟ್ಟ ಹೆಸರು 'ಐಸ್ ಐಸ್', ಕಡ್ಡಿ ಮಂಜುಗಡ್ಡೆಯಂತೆ ಕಾಣುವುದರಿಂದ. 1990ರ ದಶಕದ ಪ್ರಯೋಗಗಳಲ್ಲಿ ನೀರಿನ ಬಿಸಿ 33ರಿಂದ 35 ಡಿಗ್ರಿಗೆ ಏರಿದಾಗ, ಉಪ್ಪಿನಂಶ ಸಾವಿರಕ್ಕೆ 20 ಭಾಗಕ್ಕೆ ಇಳಿದಾಗ, ಬೆಳಕು ತೀರಾ ಕಡಿಮೆಯಾದಾಗ ಬಿಳುಪು ಬಂತು. ಬಿಳಿಯಾದ ಕಡ್ಡಿಯಲ್ಲಿ ಬ್ಯಾಕ್ಟೀರಿಯಾ ಹತ್ತರಿಂದ ನೂರು ಪಟ್ಟು ಹೆಚ್ಚಿದ್ದವು ನಿಜ. ಆದರೆ ಮೊದಲು ಕಡ್ಡಿ ಬಳಲಿತು. ಫೆಬ್ರವರಿ ಮಾರ್ಚಿನ ಬಿಸಿಲು, ನೀರಿನ ಓಡಾಟವಿಲ್ಲದ ಡ್ರಮ್, ಮೇಲೆ ಮುಚ್ಚಳ: ಬಿಸಿಯೂ ಇತ್ತು, ಕತ್ತಲೂ ಇತ್ತು. ಮುಚ್ಚಳ ಹಾಕಿದವರು ಯಾರು ಎಂದು ಕೇಳುವುದಿಲ್ಲ.

ಇದರ ಬಗ್ಗೆ ಒಂದು ಎಚ್ಚರಿಕೆ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಕಪ್ಪಾಫೈಕಸ್ ನಮ್ಮ ಕಡಲಿನದ್ದಲ್ಲ. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಬಳಿ ಅದು ಹವಳಗಳ ಮೇಲೆ ಹಬ್ಬಿದ್ದು 2008ರಲ್ಲೇ ವರದಿಯಾಗಿದೆ. ಉಳಿದ ಒಂದು ಕಡ್ಡಿಯನ್ನೂ ಕಡಲಿಗಾಗಲಿ, ಮೊಗ್ರಾಲ್ ಹೊಳೆಗಾಗಲಿ, ಶಿರಿಯ ಅಳಿವೆಗಾಗಲಿ ಎಸೆಯಬೇಡಿ. ಬಿಸಿಲಿಗೆ ಹರವಿ ಗರಿಗರಿ ಒಣಗಿಸಿ.

ಆ ಕೊಳೆತ ಮೊಟ್ಟೆಯ ವಾಸನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಲೀಟರ್ ಕಡಲ ನೀರಿನಲ್ಲಿ ಎರಡೂವರೆ ಗ್ರಾಂಗಿಂತ ಹೆಚ್ಚು ಸಲ್ಫೇಟ್ ಇದೆ. ಆಮ್ಲಜನಕ ಮುಗಿದ ಡ್ರಮ್ಮಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅದರಲ್ಲೇ ಉಸಿರಾಡಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಫ್ರಾನ್ಸಿನ ಬ್ರಿಟನಿಯ ಕಡಲ ಕರೆಯಲ್ಲಿ 2009ರಲ್ಲಿ ಕೊಳೆತ ಅಲ್ವಾದ ರಾಶಿಯೊಳಗೆ ಕಾಲು ಸಿಕ್ಕಿಬಿದ್ದ ಕುದುರೆ ಸತ್ತಿತು, ಸವಾರ ಪ್ರಜ್ಞೆ ತಪ್ಪಿದ. ನಿಮ್ಮದು ಒಂದು ಡ್ರಮ್, ರಾಶಿಯಲ್ಲ. ಆದರೂ ಮುಚ್ಚಳ ತೆಗೆದು ಒಳಗೆ ತಲೆ ಬಗ್ಗಿಸಬೇಡಿ. ದೂರ ನಿಂತು ತೆರೆದು, ಗಾಳಿಯಾಡಲು ಬಿಟ್ಟು, ಆಮೇಲೆ ಕೋಲಿನಿಂದ ಉರುಳಿಸಿ. ಮಕ್ಕಳು ಹತ್ತಿರ ಇರಬಾರದು. ಈ ಅನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ, ಅದೇ ಅದರ ಕೇಡು.

ಕ್ಯಾಪ್ಸೂಲಿನ ವಿಷಯಕ್ಕೆ ಬರುತ್ತೇನೆ. ವಾರಕ್ಕೊಮ್ಮೆ ಅರೆಬರೆ ಪ್ರಮಾಣದ ಆ್ಯಂಟಿಬಯಾಟಿಕ್ ಎಂದರೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಆರಿಸಿ ಸಾಕುವ ಉಪಾಯ. ಆ ನೀರು ಅಂಗಳದಲ್ಲಿ ಇಂಗಿ ಹೋಗುವುದು ಎಲ್ಲಿಗೆ? ಕೆಂಪು ಮುರಕಲ್ಲಿನ ನೆಲದಲ್ಲಿ ಬಾವಿ ದೂರವಿರುವುದಿಲ್ಲ. ಸಿಗಡಿ ಕೆರೆಗಳಲ್ಲಿ ಹಲವು ಆ್ಯಂಟಿಬಯಾಟಿಕ್‌ಗಳನ್ನು ಸರಕಾರ ನಿಷೇಧಿಸಿರುವುದು ಸುಮ್ಮನೆ ಅಲ್ಲ. ಎರಡನೆಯ ಡ್ರಮ್ಮಿನ ನೀರನ್ನು ಬಾವಿಯಿಂದಲೂ ತರಕಾರಿ ಮಡಿಯಿಂದಲೂ ದೂರದಲ್ಲಿ, ಅಗಲವಾಗಿ ಹರವಿ ಇಂಗಿಸಿ. ಅದರ ಪಾಚಿಯನ್ನು ದನಕ್ಕೆ, ಕೋಳಿಗೆ ಹಾಕಬೇಡಿ.

ಮಾವನವರ ಮಾತಿನಲ್ಲಿ ಹುರುಳಿದೆ. ತೆಂಗಿಗೆ ಉಪ್ಪಿನ ಭಯ ಕಡಿಮೆ. ಮುರಕಲ್ಲಿನ ನೆಲದಲ್ಲಿ ಸಸಿ ನೆಡುವ ಮೊದಲು ಗುಂಡಿಗೆ ಎರಡು ಕಿಲೋ ಉಪ್ಪು ಹಾಕಿ ಮಣ್ಣನ್ನು ಮೆತ್ತಗೆ ಮಾಡುವ ಕ್ರಮವನ್ನು ನಿಮ್ಮ ಪಕ್ಕದ, ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರೇ ಹೇಳುತ್ತಾರೆ. ಒಂದನೆಯ ಡ್ರಮ್ಮಿನ ಸತ್ತ ಎಲೆಗಳನ್ನೂ ಒಣಗಿಸಿದ ಕಪ್ಪಾಫೈಕಸನ್ನೂ ಒಮ್ಮೆ ಸಿಹಿನೀರಿನಲ್ಲಿ ಜಾಲಾಡಿ, ತರಗೆಲೆಯ ಜೊತೆ ಬೆರೆಸಿ ಬುಡಕ್ಕೆ ಹಾಕಿ. ಅಡಿಕೆ, ಕಾಳುಮೆಣಸು, ಬಸಳೆ ಚಪ್ಪರದ ಬುಡಕ್ಕೆ ಮಾತ್ರ ತೊಳೆಯದೆ ಹಾಕಬೇಡಿ. ಕಡಲ ಬ್ಯಾಕ್ಟೀರಿಯಾ ತೋಟ ಹಾಳು ಮಾಡೀತೇ ಎಂಬ ಅನುಮಾನ ಬೇಡ. ಉಪ್ಪಿಲ್ಲದ ಮಣ್ಣಿನಲ್ಲಿ ಅವುಗಳಲ್ಲಿ ಹೆಚ್ಚಿನವು ಬದುಕಲಾರವು.

ಮುಂದೆ ಏನು ಮಾಡಬಹುದು? ನನ್ನನ್ನು ಕೇಳಿದರೆ ಸದ್ಯಕ್ಕೆ ಒಂದೇ ತೊಟ್ಟಿ, ಒಂದೇ ಪಾಚಿ, ಅದೂ ಅಲ್ವಾ. ಅಗಲ ಬಾಯಿಯ, ತಿಳಿ ಬಣ್ಣದ ತೊಟ್ಟಿ ಇರಲಿ. ಮಧ್ಯಾಹ್ನದ ಬಿಸಿಲಿಗೆ ತೆಂಗಿನ ಗರಿಯ ಚಪ್ಪರದ ನೆರಳು. 200 ಲೀಟರಿಗೆ ನೀರು ಬಸಿದ ಎಲೆ 200ರಿಂದ 300 ಗ್ರಾಂ ಸಾಕು, ಎಲ್ಲರೂ ಹೆಚ್ಚು ತುಂಬಿಯೇ ಕೆಡಿಸುವುದು. ಅಲಂಕಾರ ಮೀನಿನ ಅಂಗಡಿಯಿಂದ ಮದ್ದು ತರುವ ಬದಲು ಗಾಳಿ ಪಂಪ್ ತನ್ನಿ. ಗುಳ್ಳೆಗಳು ಎಲೆಯನ್ನು ತಿರುಗಿಸುತ್ತವೆ, ಹಗಲು ಇಂಗಾಲವನ್ನೂ ರಾತ್ರಿ ಆಮ್ಲಜನಕವನ್ನೂ ಕೊಡುತ್ತವೆ. ನೀರನ್ನು ಚರಂಡಿ ಸೇರುವ ಜಾಗದಿಂದಲೂ ಹೊಳೆಯ ಬಾಯಿಯಿಂದಲೂ ದೂರ, ಭರತದ ಹೊತ್ತಿಗೆ ತುಂಬಿ, ಒಂದು ರಾತ್ರಿ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ. ಕುದಿಸಬೇಡಿ. ಎಲೆಯನ್ನು ಹರಿಯಬೇಡಿ, ಒಂದು ಸಲ ಮಾತ್ರ ಅದೇ ಕಡಲ ನೀರಿನಲ್ಲಿ ಜಾಲಾಡಿ ಮರಳು, ಸಣ್ಣ ಶಂಖ, ಹುಳ ತೆಗೆಯಿರಿ. ನೀರು ಬದಲಿಸುವಾಗ ಮೂರನೇ ಒಂದು ಪಾಲು ಬದಲಿಸಿ, ಉಳಿದದ್ದು ಹೆಪ್ಪು. ಕೈಯಲ್ಲಿ ಗಾಯವಿದ್ದವರು ಗವಸು ಇಲ್ಲದೆ ತೊಟ್ಟಿಗೆ ಕೈ ಹಾಕಬಾರದು. ಬೆಚ್ಚನೆಯ ಉಪ್ಪು ನೀರಿನ ವಿಬ್ರಿಯೊ ಜಾತಿಯ ಕೆಲವು ಬ್ಯಾಕ್ಟೀರಿಯಾಗಳು ಪಾಚಿಗಿಂತ ಮನುಷ್ಯರಿಗೇ ಹೆಚ್ಚು ಕೆಟ್ಟವು.

ಇದರಲ್ಲೂ ಅಪಾಯವಿಲ್ಲದಿಲ್ಲ. ಜೂನ್ ಬಂದರೆ ಹನ್ನೆರಡು ಹೊಳೆಗಳ ಜಿಲ್ಲೆ ನಿಮ್ಮದು, ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ. ಕರೆಯ ನೀರು ತೆಳುವಾಗುತ್ತದೆ, ಒಳ್ಳೆಯ ನೀರು ಸಿಗುವುದಿಲ್ಲ. ಮೇ ಕೊನೆಗೆ ಕೈ ಮುಗಿದು ನಿಲ್ಲಿಸಿ. ತಿನ್ನುವುದಕ್ಕೆಂದು ಮಾರುವುದಾದರೆ ಎಲ್ಲಿಂದ ತಂದ ಎಲೆ ಎಂಬುದು ಮುಖ್ಯವಾಗುತ್ತದೆ. ಕೊಳಚೆ ಸೇರುವಲ್ಲಿ ಅಲ್ವಾ ಚೆನ್ನಾಗಿ ಬೆಳೆಯುತ್ತದೆ, ಆ ಕೊಳಚೆಯ ಬ್ಯಾಕ್ಟೀರಿಯಾವನ್ನೂ ಲೋಹಗಳನ್ನೂ ಮೈಗೆ ಹಚ್ಚಿಕೊಳ್ಳುತ್ತದೆ. ಹತ್ತು ಕಿಲೋ ಹಸಿ ಎಲೆ ಒಣಗಿದರೆ ಒಂದೋ ಒಂದೂವರೆಯೋ ಕಿಲೋ. ಕೊಳ್ಳುವವರು ಯಾರೆಂದು ಗೊತ್ತಾಗುವ ಮೊದಲು ಸಾಲ ತೆಗೆಯಬೇಡಿ. ಕಡಲಿನಲ್ಲೇ ತೆಪ್ಪ ಕಟ್ಟುವ ಯೋಚನೆ ಇದ್ದರೆ ಊರಿನ ಜಾತಿಯ ಪಾಚಿಯನ್ನೇ ಆರಿಸಿ, ಮೀನುಗಾರಿಕೆ ಇಲಾಖೆಯ ಅನುಮತಿ ಕೇಳಿ. ನಮ್ಮ ಪಡುಗಡಲು ಮಂಡಪಂನ ಕಡಲಿನಷ್ಟು ಸೌಮ್ಯವಲ್ಲ, ಮಳೆಗಾಲದಲ್ಲಿ ತೆಪ್ಪ ಉಳಿಯುವುದಿಲ್ಲ.

ಕೊನೆಗೆ ಬ್ಲೀಚಿಂಗ್ ಪೌಡರ್. ಒಂದನೆಯ ಡ್ರಮ್ಮಿನ ಗೋಡೆಯ ಹಸಿರು ಅಂಟನ್ನು ದಯವಿಟ್ಟು ಉಜ್ಜಬೇಡಿ. ನೀವು ನೀರು ಚೆಲ್ಲುವ ಮೊದಲೇ ಕೆಲವು ಬೀಜಕಣಗಳು ಗೋಡೆಯ ಲೋಳೆ ಹುಡುಕಿ ಕೂತಾಗಿತ್ತು. ಬೇರೆ ಪಾಚಿಯೂ ಸ್ವಲ್ಪ ಬೆರೆತಿರಬಹುದು. ಆದ್ದರಿಂದ ಮಕ್ಕಳ ಭೂತಗನ್ನಡಿ ಹಿಡಿದು ನೋಡಿ. ಕೂದಲಿನಂಥ ಎಳೆಗಳ ನಡುವೆ ಅಕ್ಕಿಯ ತುದಿಯಷ್ಟು ಚಪ್ಪಟೆ ಎಲೆಗಳು, ಒಂದು ತುದಿಯಲ್ಲಿ ಗೋಡೆ ಕಚ್ಚಿಕೊಂಡು ಇನ್ನೊಂದು ತುದಿ ನೀರಿನಲ್ಲಿ ಅಲ್ಲಾಡುತ್ತಿದ್ದರೆ, ಅವೇ ನಿಮ್ಮ ಬೆಳೆ. ಆ ಡ್ರಮ್ಮಿನ ನೀರು ಒಂದು ಚೊಂಬು ತೆಗೆದು ಎರಡನೆಯ ಡ್ರಮ್ಮಿನ ಸಾಸಿವೆ ಕಾಳುಗಳಿರುವ ಒಂದು ಗಾಜಿನ ಭರಣಿಗೆ, ಔಷಧದ ನೀರನ್ನು ಪೂರ್ತಿ ಬದಲಿಸಿದ ಮೇಲೆ, ಹಾಕಿ ಕಿಟಕಿಯಲ್ಲಿಡಿ. ಎರಡು ಮೂರು ವಾರ ಬಿಟ್ಟು ಏನಾಯಿತೆಂದು ನನಗೆ ಬರೆಯಿರಿ.